ಎಡಗಡೆಯದು ಹಾಡ್ತಾ ಇಲ್ಲ

ನಮ್ಮ ಮನೆಯಲ್ಲಿ ಗುಂಡಿ, ಪಿನ್ನು, ಮುರಿದ ಕೊಕ್ಕೆ, ಯಾವ ಬೀಗಕ್ಕೂ ಸೇರದ ಕೀಲಿಕೈ, ಇವನ್ನೆಲ್ಲ ಹಾಕಿಡುವ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಮೊನ್ನೆ ಅಂಗಿಗೆ ಒಂದು ಗುಂಡಿ ಬೇಕಾಗಿ ಅದನ್ನು ಚಾಪೆಯ ಮೇಲೆ ಸುರಿದೆ. ಗುಂಡಿಗಳ ನಡುವೆ ಒಂದಷ್ಟು ಪುಟ್ಟ ರಬ್ಬರ್ ಟೋಪಿಗಳು ಉರುಳಿ ಬಂದವು. ಕೆಲವು ಕಪ್ಪು, ಕೆಲವು ಬಿಳಿ. ಕೆಲವು ಕಡಲೆಕಾಳಿನಷ್ಟು, ಕೆಲವು ಅವರೆಕಾಳಿನಷ್ಟು.

"ಇವನ್ಯಾಕೆ ಮಡಗಿದ್ದೀಯೆ?" ಎಂದು ನನ್ನ ಹೆಂಡತಿ ಜಯಮ್ಮನನ್ನು ಕೇಳಿದೆ.

"ಎಸೆಯಾಕೆ ಮನ್ಸು ಬರ್ನಿಲ್ಲ. ಕುಕ್ಕರ್ ಮುಚ್ಚಳುಕ್ಕೆ ಏನಾರಾ ಆದಾತು ಅಂತ ಮಡಗ್ದೆ" ಎಂದಳು.

ಅವು ಕುಕ್ಕರಿನವಲ್ಲ. ಕಿವಿಯೊಳಗೆ ತುರುಕಿಕೊಳ್ಳುವ ಇಯರ್‌ಫೋನಿನವು. ಒಂದು ಜೊತೆ ಇಯರ್‌ಫೋನ್ ಕೊಂಡರೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರು ಅಳತೆಯ ಟೋಪಿ ಕೊಡುತ್ತಾರೆ. ಚಪ್ಪಲಿಗೆ ಅಳತೆ ಇರುವುದು ಗೊತ್ತಿತ್ತು, ಬಳೆಗೆ ಇರುವುದು ಗೊತ್ತಿತ್ತು. ಕಿವಿಯ ತೂತಿಗೂ ಅಳತೆ ಇದೆ ಎಂಬ ಸಂಗತಿ ಎಸ್ಸೆಸ್ಸೆಲ್ಸಿ ಓದಿದ ನನಗೆ ತಿಳಿದದ್ದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ. ತಿಳಿದು ಏನು ಪ್ರಯೋಜನವಾಯಿತು ಅಂತ ಕೇಳಬೇಡಿ. ಆ ಟೋಪಿಗಳನ್ನು ಮತ್ತೆ ಡಬ್ಬಿಗೆ ತುಂಬುವಾಗ ನನಗೆ ಮುಖ ಬಿಸಿಯಾಯಿತು. ಯಾಕೆ ಎಂಬುದನ್ನು ನಿಮಗಾದರೂ ಹೇಳಿಬಿಡುತ್ತೇನೆ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರೆ. ಜಿಮ್ಮಿಗೆ ಹೋದರೂ ಹಗುರಾಗುತ್ತದೆ ಅಂದಿದ್ದರು. ಅಲ್ಲಿ ನಾನು ಒಂದು ಸೇರೂ ಇಳಿಯಲಿಲ್ಲ.

ನನ್ನನ್ನು ಜಿಮ್ಮಿಗೆ ಕಳಿಸಿದ್ದು ಮಂಡಿ ನೋವು. "ನಡಿಗೆ ಸಾಲ್ದು ಯಜಮಾನ್ರೇ, ಮಂಡಿ ಸುತ್ತ ಇರೋ ಮಾಂಸ ಗಟ್ಟಿ ಆಗ್ಬೇಕು" ಎಂದರು ಡಾಕ್ಟರು. ಹೊಲದ ಕೆಲಸ ಬಿಟ್ಟವನು ದುಡ್ಡು ಕೊಟ್ಟು ಭಾರ ಎತ್ತಬೇಕಾದ ಕಾಲ ಬಂದಿದೆ. ನಮ್ಮ ಊರು ತೊಣ್ಣೂರು ಕೆರೆಯ ದಾರಿಯಲ್ಲಿ. ಅಲ್ಲಿಂದ ಬೆಳಿಗ್ಗೆ ಮೊಪೆಡ್ಡಿನಲ್ಲಿ ಪಾಂಡವಪುರಕ್ಕೆ ಬಂದು, ಗೊಬ್ಬರದ ಅಂಗಡಿಯ ಮಹಡಿ ಮೇಲಿರುವ ಜಿಮ್ಮಿನ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ಯೂರಿಯಾ ವಾಸನೆ, ಮೇಲಿನಿಂದ ಬೆವರಿನ ವಾಸನೆ, ಎರಡೂ ಮೆಟ್ಟಿಲ ಮಧ್ಯದಲ್ಲಿ ಸೇರುತ್ತವೆ. ಆ ಮೆಟ್ಟಿಲು ಹತ್ತುವುದೇ ಮಂಡಿಗೆ ಸಾಕಷ್ಟು ವ್ಯಾಯಾಮ. ಮೇಲೆ ಹೋದ ಮೇಲೆ ಮಾಡಿದ್ದೆಲ್ಲ ಹೆಚ್ಚುವರಿ.

ಅಲ್ಲಿ ನಾನು ಕಂಡ ವಿಚಿತ್ರ ಕೇಳಿ. ಗೋಡೆಯ ಮೇಲೆ ಎರಡು ದೊಡ್ಡ ಸ್ಪೀಕರ್ ಬಾಕ್ಸು. ಅವುಗಳಿಂದ ಕಿಟಕಿಯ ಗಾಜು ಅದುರುವ ಹಾಗೆ ಹಾಡು. ಕೆಳಗೆ ಭಾರ ಎತ್ತುವ ಹುಡುಗರೆಲ್ಲ ಆ ಹಾಡು ಕೇಳಬಾರದೆಂದು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ತಮ್ಮ ತಮ್ಮ ಹಾಡು ಕೇಳುತ್ತಿದ್ದರು. ಹೋಟೆಲಿಗೆ ಹೋಗಿ, ಬಿಲ್ಲು ಕೊಟ್ಟು, ಮನೆಯಿಂದ ತಂದ ಬುತ್ತಿ ಉಂಡ ಹಾಗೆ.

"ಅದನ್ನ ಆರುಸ್ಬುಡ್ಲಾ, ಯಾರೂ ಕೇಳ್ತಿಲ್ವಲ್ಲ" ಎಂದು ಕಲಿಸಿಕೊಡುವ ಹುಡುಗ ಲೋಹಿತನಿಗೆ ಹೇಳಿದೆ.

"ಆರುಸ್ಬುಟ್ರೆ ಜಿಮ್ ಅಂತ ಎಂಗ್ ತಾತ ಗೊತ್ತಾಗದು?" ಎಂದ.

ಕಿವಿಗೆ ಏನೂ ಇಲ್ಲದವನು ನಾನೊಬ್ಬನೇ. ಹಾಗಾಗಿ ಸುಸ್ತಾಗಿ ಕೂತವರೆಲ್ಲ ಕಿವಿಯದನ್ನು ಕಿತ್ತು ನನ್ನ ಹತ್ತಿರ ಬರುತ್ತಿದ್ದರು. "ತಾತ, ನಿಮ್ ಕಾಲ್ದಲ್ಲಿ ಗರಡಿ ಇತ್ತಾ? ತಾತ, ನೀವು ಎಷ್ಟು ಮುದ್ದೆ ಉಣ್ತಿದ್ರಿ?" ನಾನೊಂದು ಹೇಳುವುದು, ಅವರಿಗೊಂದು ಕೇಳುವುದು. ಅವರು ಏನೋ ಕೇಳುವುದು, ನಾನು ಇನ್ನೇನೋ ಹೇಳುವುದು, ಅವರು ನಗುವುದು. ಇವರಿಗೆ ಬಾಯಿ ಬಿಟ್ಟು ಮಾತಾಡುವ ಅಭ್ಯಾಸ ತಪ್ಪಿಹೋಗಿದೆ, ಎಲ್ಲರೂ ಗೊಣಗುತ್ತಾರೆ ಎಂದುಕೊಂಡೆ. ದೇಶದ ಯುವಜನರ ಉಚ್ಚಾರಣೆ ಕೆಟ್ಟಿದೆ ಎಂದು ಮನೆಯಲ್ಲಿ ಒಂದು ದಿನ ಭಾಷಣವನ್ನೇ ಮಾಡಿದೆ. ಜಯಮ್ಮ ಒಲೆಯ ಕಡೆ ತಿರುಗಿಕೊಂಡು ಏನೋ ಅಂದಳು. ಏನೆಂದು ಕೇಳಿಸಲಿಲ್ಲ. ಅವಳದೂ ಉಚ್ಚಾರಣೆ ಕೆಟ್ಟಿದೆ ಎಂದು ಬಿಟ್ಟೆ.

ಕೊನೆಗೆ ಲೋಹಿತನೇ ದಾರಿ ತೋರಿಸಿದ. "ಒಂದು ಇಯರ್‌ಫೋನ್ ಆಕ್ಕಳಿ ತಾತ. ಆಡು ಕೇಳ್ದಿದ್ರೂ ಪರ್ವಾಗಿಲ್ಲ. ಯಾರೂ ಮಾತಾಡ್ಸಕಿಲ್ಲ."

ಇಲ್ಲಿ ನನ್ನ ಕಸುಬಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದರ ವಿಪರ್ಯಾಸ ಗೊತ್ತಾಗುವುದಿಲ್ಲ. ನಾನು ಮೈಕ್ ಸೆಟ್ಟಿನವನು. ಮದುವೆ, ತಿಥಿ, ನಾಮಕರಣ, ಚುನಾವಣೆ, ನಾಟಕ, ಯಾವುದಕ್ಕಾದರೂ ಹಾರ್ನ್ ಕಟ್ಟಿಸಬೇಕಾದರೆ ಮೈಕ್ ಪುಟ್ಟಸ್ವಾಮಿಯನ್ನು ಕರೆಯಿರಿ ಅನ್ನುತ್ತಿದ್ದರು. ಶ್ರೀರಂಗಪಟ್ಟಣದಿಂದ ಹಿಡಿದು ನಾಗಮಂಗಲ ತಾಲ್ಲೂಕಿನ ದೇವಲಾಪುರದವರೆಗೆ ನಾನು ಹತ್ತದ ಮರವಿಲ್ಲ. ಬೆಳಕು ಹರಿಯುವ ಮುಂಚೆ ಸುಪ್ರಭಾತ ಹಾಕಿ ಒಂದು ಊರನ್ನೇ ಎಬ್ಬಿಸುತ್ತಿದ್ದೆ. ಯಾರಿಗೆ ಜ್ವರ, ಯಾರ ಮನೆಯಲ್ಲಿ ಬಾಣಂತಿ, ಯಾವ ಮಗು ಈಗತಾನೆ ಮಲಗಿದೆ ಎಂದು ಒಂದು ದಿನವೂ ಕೇಳಿದವನಲ್ಲ.

ಒಮ್ಮೆ ನಾಗಮಂಗಲದ ಕಡೆ ಒಂದೇ ಬೀದಿಯಲ್ಲಿ ಎರಡು ಮದುವೆ. ಎರಡೂ ಮನೆಯವರು ನನ್ನನ್ನೇ ಗೊತ್ತು ಮಾಡಿದ್ದರು. ಆ ಮನೆಯ ಯಜಮಾನ ಬಂದು, "ಏನ್ಲಾ ಪುಟ್ಟಸ್ವಾಮಿ, ಅವರ ಮನೆದೇ ಜೋರಾಗಿ ಕೇಳ್ತಾ ಅದೆ" ಎನ್ನುತ್ತಿದ್ದ. ಅವನದನ್ನು ಏರಿಸುತ್ತಿದ್ದೆ. ಈ ಮನೆಯವನು ಬಂದು, "ನಾವೇನು ಬಿಟ್ಟಿ ಮದ್ವೆ ಮಾಡ್ತಿದೀವಾ?" ಎನ್ನುತ್ತಿದ್ದ. ಇವನದನ್ನು ಏರಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪುರೋಹಿತರು ಮಂತ್ರ ಬಿಟ್ಟು ಕೈಸನ್ನೆಯಲ್ಲಿ ಮದುವೆ ಮಾಡಿಸಿದರು. ಎರಡೂ ಮನೆಯವರು ನನ್ನ ಕೆಲಸ ಬಹಳ ಚೆನ್ನಾಗಿತ್ತು ಎಂದರು.

ಹಾರ್ನ್ ಕಟ್ಟುವುದಕ್ಕೂ ಒಂದು ಕ್ರಮವಿದೆ. ಮರ ಹತ್ತಬೇಕು. ಬಲಗೈಯಲ್ಲಿ ಕೊಂಬೆ ತಬ್ಬಿ, ಎಡಗೈಯಲ್ಲಿ ಹಾರ್ನನ್ನು ಬಿಗಿಯಬೇಕು. ಬಿಗಿದ ಮೇಲೆ ಕೆಳಗಿನವನಿಗೆ "ಊದ್ಲಾ" ಎಂದು ಕೂಗಿ, ಹಾರ್ನಿನ ಬಾಯಿಗೆ ಕಿವಿ ಕೊಟ್ಟು, ಸದ್ದು ಸರಿಯಾಗಿ ಬರುತ್ತಿದೆಯೇ, ಒಡೆದು ಬರುತ್ತಿದೆಯೇ ಎಂದು ನೋಡಬೇಕು. ಬಲಗಡೆ ಮರ ಇರುವುದರಿಂದ ಹಾರ್ನಿಗೆ ಸಿಗುವುದು ಯಾವಾಗಲೂ ಎಡಗಿವಿಯೇ. ಇಷ್ಟು ಹೇಳಿದ ಮೇಲೆ ಜಾಣರಾದ ನಿಮಗೆ ಮುಂದಿನ ಕಥೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ಇಂಥವನು, ಊರಿಗೆಲ್ಲ ಸದ್ದು ಬಡಿಸಿದವನು, ತನ್ನೊಬ್ಬನಿಗೇ ಕೇಳುವ ಹಾಡು ಕೊಳ್ಳಲು ಹೊರಟೆ.

ಬಸ್‌ಸ್ಟ್ಯಾಂಡಿನ ಹತ್ತಿರ ನಯಾಜ್ ಹೊಸದಾಗಿ ಮೊಬೈಲ್ ಸಾಮಾನಿನ ಅಂಗಡಿ ತೆರೆದಿದ್ದ. ನಯಾಜ್ ಬೇರೆ ಯಾರೂ ಅಲ್ಲ, ಗಫಾರನ ಮಗ. ಗಫಾರ್ ನನ್ನ ಆಂಪ್ಲಿಫೈಯರನ್ನು ಜೀವಮಾನವಿಡೀ ರಿಪೇರಿ ಮಾಡಿದವನು, ಈಗ ಇಲ್ಲ. ಅಪ್ಪನ ರಿಪೇರಿ ಅಂಗಡಿ ಮುಚ್ಚಿ, ಹೆಂಡತಿಯ ಒಡವೆ ಬ್ಯಾಂಕಿನಲ್ಲಿಟ್ಟು, ಗಾಜಿನ ಕಪಾಟು ಮಾಡಿಸಿಕೊಂಡಿದ್ದ ನಯಾಜ್. ಒಂದು ಮನೆ ಆ ಕಪಾಟಿನ ಮೇಲೆ ನಿಂತಿತ್ತು.

"ಬನ್ನಿ ಚಾಚಾ, ಬನ್ನಿ. ನಿಮಗೇ ಅಂದ್ರೆ ಆರಿಸಿ ಆರಿಸಿ ಕೊಡ್ತೀನಿ" ಎಂದು ಸ್ಟೂಲು ಎಳೆದು ಕೂರಿಸಿದ.

ಇಯರ್‌ಫೋನ್ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟದ ಕೆಲಸ. ತಂತಿ ಇರುವುದು, ಇಲ್ಲದ್ದು. ಕುತ್ತಿಗೆಗೆ ಹಾಕಿಕೊಳ್ಳುವುದು. ಕಿವಿಯ ಹಿಂದಕ್ಕೆ ಕೊಕ್ಕೆ ಇರುವುದು. ಬೆವರಿಗೆ ಕೆಡದ್ದು. ಓಡುವಾಗ ಬೀಳದ್ದು. ಬೇಸು ಜಾಸ್ತಿ ಇರುವುದು. ಅವನು ಒಂದೊಂದರ ಗುಣ ಹೇಳುತ್ತಾ ಹೋದ. ಕೊನೆಗೆ ಒಂದು ಪೆಟ್ಟಿಗೆ ತೆಗೆದು, ದನಿ ತಗ್ಗಿಸಿ, "ಇದು ಎಲ್ಲಕ್ಕಿಂತ ಮೇಲು ಚಾಚಾ. ಇದನ್ನ ಹಾಕ್ಕೊಂಡ್ರೆ ಸುತ್ತಮುತ್ತಲ ಸದ್ದೆಲ್ಲ ಇದೇ ನುಂಗಿಬಿಡ್ತದೆ" ಎಂದ.

"ಅಂಗಾರೆ ನಮ್ಮಂಥೋರ ಹೊಟ್ಟೆಗೆ ಕಲ್ಲಾಕಾಕೇ ಮಾಡವ್ರೆ ಇದನ್ನ" ಎಂದೆ.

ಇಬ್ಬರೂ ನಕ್ಕೆವು. ಜಿಪುಣನಾದ ನಾನು ತಂತಿ ಇರುವ ಕಡಿಮೆ ಬೆಲೆಯದನ್ನೇ ಕೊಂಡೆ.

ಮಾರನೆಯ ದಿನ ಜಿಮ್ಮಿನಲ್ಲಿ ಹಾಕಿಕೊಂಡರೆ ಬಲಗಡೆಯದು ಹಾಡುತ್ತಿತ್ತು, ಎಡಗಡೆಯದು ಸುಮ್ಮನಿತ್ತು. ನಾನು ಕಸುಬುದಾರ ನೋಡಿ, ತಂತಿ ಲೂಸು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಅಲ್ಲಾಡಿಸಿದೆ, ಬಗ್ಗಿಸಿದೆ, ಊದಿದೆ. ನಯಾಜನ ಹತ್ತಿರ ತೆಗೆದುಕೊಂಡು ಹೋದೆ. ಅವನು ತನ್ನ ಕಿವಿಗೆ ಹಾಕಿಕೊಂಡು ನೋಡಿ, "ಬರ್ತಾ ಇದೆಯಲ್ಲ ಚಾಚಾ?" ಎಂದ. "ನಿಂಗೆ ಗೊತ್ತಾಗಕಿಲ್ಲ ಬುಡು, ಇದು ಆಗಾಗ ಕೈ ಕೊಡೋ ಲೂಸು" ಎಂದೆ. ಅವನು ಕುತ್ತಿಗೆಗೆ ಹಾಕುವ ಬೇರೊಂದನ್ನು ಕೊಟ್ಟ. ಅದರಲ್ಲೂ ಎಡಗಡೆಯದು ಸುಮ್ಮನಿತ್ತು. ಟೋಪಿಯ ಅಳತೆ ಸರಿಯಿಲ್ಲವೇನೋ ಎಂದು ಸಣ್ಣದು, ನಡುವಿನದು, ದೊಡ್ಡದು ಎಲ್ಲ ಬದಲಾಯಿಸಿ ನೋಡಿದೆ. ದೊಡ್ಡದು ಕಿವಿಯೊಳಗೆ ಸಿಕ್ಕಿಕೊಂಡು, ಜಯಮ್ಮ ಹೇರ್‌ಪಿನ್ನಿನಲ್ಲಿ ತೆಗೆದಳು.

ಮತ್ತೆ ಹೋದೆ. ಈ ಸಲ ಮೇಲಿನ ದರದ್ದು, ತಂತಿಯೇ ಇಲ್ಲದ್ದು, ಹುಣಸೆಬೀಜದ ಹಾಗೆ ಎರಡು ಬಿಡಿ ಬಿಡಿ ತುಂಡು. "ಇದರಲ್ಲಿ ತಂತಿನೇ ಇಲ್ಲ, ಲೂಸ್ ಆಗೋ ಮಾತೇ ಇಲ್ಲ ಚಾಚಾ" ಎಂದು ಕೊಟ್ಟ. ಅಂಗಡಿಯಲ್ಲೇ ಹಾಕಿಕೊಂಡೆ. ಬಲಗಡೆ ಹಾಡು. ಎಡಗಡೆ ಸ್ಮಶಾನ.

ಆಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ನನಗೆ ಎಲ್ಲಿಂದ ರೇಗಿತೋ ಕಾಣೆ.

"ಏನ್ಲಾ ನಯಾಜ್, ಬರೀ ಡೂಪ್ಲಿಕೇಟ್ ಮಾಲು ತಂದು ಮಡಿಕೊಂಡಿದ್ದೀಯಾ? ಮೂರ್ನೇದು ಇದು! ಎಡಗಡೆದು ಒಂದೂ ಹಾಡ್ತಾ ಇಲ್ಲ!"

"ಚಾಚಾ, ಮೆತ್ತಗೆ..."

"ಏನು ಮೆತ್ತಗೆ? ನಿಮ್ಮಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡೋನು!"

"ಕೊಡಿ ಇಲ್ಲಿ" ಎಂದು ಅವನು ಎರಡನ್ನೂ ತನ್ನ ಕಿವಿಗೆ ಹಾಕಿಕೊಂಡ. ಪಕ್ಕದಲ್ಲಿದ್ದ ಗಿರಾಕಿಗೂ ಹಾಕಿದ. "ಎರಡೂ ಬರ್ತಾ ಇದೆ ಚಾಚಾ, ನಮ್ಮ ಅಬ್ಬಾ ಮೇಲಾಣೆ."

"ಸತ್ತೋರ ಮೇಲೆ ಆಣೆ ಮಡಗ್ತೀಯಾ?" ಎಂದೆ ನಾನು.

ಮರ ಹತ್ತಿ ಇಳಿದು ಪಳಗಿದ ದನಿ ನನ್ನದು. ಬಸ್‌ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡಿದರು. ಆ ಗಿರಾಕಿ ಕೈಯಲ್ಲಿದ್ದ ಚಾರ್ಜರನ್ನು ಕಪಾಟಿನ ಮೇಲಿಟ್ಟು ಹೊರಟುಹೋದ. ನಯಾಜ್ ನಾನು ಕೊಟ್ಟ ದುಡ್ಡನ್ನು ಎದುರಿಗಿಟ್ಟ. ತೆಗೆದುಕೊಂಡು ಬಂದೆ, ಗೆದ್ದವನ ಹಾಗೆ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಜಿಮ್ಮಿನಲ್ಲಿ ಲೋಹಿತ ಕೇಳಿದ, "ಎಲ್ಲಿ ತಾತ ಇಯರ್‌ಫೋನು?" ಹೇಳಿದೆ, ಉಪ್ಪು ಖಾರ ಹಚ್ಚಿಯೇ ಹೇಳಿದೆ. ಅವನು ಅದನ್ನು ಜಿಮ್ಮಿನ ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿದ. ನಾನು ಹಾರ್ನ್ ಕಟ್ಟಿ ಸಾರಿದ್ದರೂ ಅಷ್ಟು ದೂರ ಹೋಗುತ್ತಿರಲಿಲ್ಲ. ಕೆ.ಆರ್. ಪೇಟೆಯಲ್ಲಿರುವ ನನ್ನ ಷಡ್ಡಕ ಫೋನ್ ಮಾಡಿ, "ಪಾಂಡವಪುರದಲ್ಲಿ ಯಾವ್ದೋ ಅಂಗಡೀಲಿ ಮೋಸವಂತೆ, ಹುಷಾರು ಕಣಣ್ಣ" ಎಂದು ನನಗೇ ಬುದ್ಧಿ ಹೇಳಿದ. ಇಯರ್‌ಫೋನ್, ಚಾರ್ಜರ್ ಕೊಳ್ಳುವವರೆಲ್ಲ ಜಿಮ್ಮಿಗೆ ಬರುವ ವಯಸ್ಸಿನ ಹುಡುಗರು. ಮೊಪೆಡ್ಡಿನಲ್ಲಿ ಆ ದಾರಿಯಲ್ಲಿ ಹೋಗುವಾಗ ನೋಡುತ್ತಿದ್ದೆ. ನಯಾಜ್ ಒಬ್ಬನೇ ಕೂತು ಗಾಜು ಒರೆಸುತ್ತಿದ್ದ.

ನಾನು ಶ್ರೀರಂಗಪಟ್ಟಣಕ್ಕೆ ಹೋಗಿ ಬೇರೆ ಅಂಗಡಿಯಲ್ಲಿ ಒಂದು ಜೊತೆ ಕೊಂಡೆ. ನೀವು ನಂಬಲಿಕ್ಕಿಲ್ಲ, ಅದರಲ್ಲೂ ಎಡಗಡೆಯದು ಹಾಡಲಿಲ್ಲ. ಆಗಲೂ ನನ್ನ ತಲೆಗೆ ಹೊಳೆದದ್ದು ಏನು ಗೊತ್ತೇ? ಇದು ಕಂಪನಿಗಳ ಒಳಸಂಚು, ಎಡಗಡೆಯದನ್ನು ಬರೀ ತೋರಿಕೆಗೆ ಇಡುತ್ತಾರೆ ಎಂದು. ಮನುಷ್ಯ ತನ್ನನ್ನು ಬಿಟ್ಟು ಜಗತ್ತಿನ ಯಾವುದನ್ನು ಬೇಕಾದರೂ ಅನುಮಾನಿಸಬಲ್ಲ.

ಮೈಕ್ ಸೆಟ್ಟಿನ ಕೆಲಸದಲ್ಲಿ ಮೊದಲ ಪಾಠ ಒಂದಿದೆ. ಎರಡು ಹಾರ್ನಿನಲ್ಲಿ ಒಂದು ಹಾಡದಿದ್ದರೆ, ಎರಡರ ತಂತಿಯನ್ನು ಅದಲುಬದಲು ಮಾಡಿ ನೋಡಬೇಕು. ಆಗ ಕೆಟ್ಟಿರುವುದು ತಂತಿಯೋ ಹಾರ್ನೋ ತಿಳಿಯುತ್ತದೆ. ಇದನ್ನು ನಾನು ಎಷ್ಟೋ ಹುಡುಗರಿಗೆ ಬಯ್ದು ಬಯ್ದು ಕಲಿಸಿದ್ದೇನೆ. ಆದರೆ ಈ ಇಯರ್‌ಫೋನಿನ ಮೇಲೆ ಎಡ ಯಾವುದು, ಬಲ ಯಾವುದು ಎಂದು ಬರೆದಿರುತ್ತಾರೆ. ಬರೆದದ್ದನ್ನು ಮೀರಬಾರದು ಎಂಬ ವಿಧೇಯತೆ ನನಗೆ ಎಲ್ಲಿಂದ ಬಂತೋ. ಒಂದು ಮಧ್ಯಾಹ್ನ ಉಂಡು ಜಗಲಿಯ ಮೇಲೆ ಕೂತಿದ್ದಾಗ ಕೈ ತಾನಾಗಿ ಹಳೆಯ ಅಭ್ಯಾಸಕ್ಕೆ ಹೋಯಿತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆ.

ಸತ್ತಿದ್ದ ತುಂಡು ಬಲಗಿವಿಯಲ್ಲಿ ಸೊಗಸಾಗಿ ಹಾಡತೊಡಗಿತು. ಹಾಡುತ್ತಿದ್ದದ್ದು ಎಡಗಿವಿಗೆ ಹೋಗಿ ಸತ್ತಿತು.

ಆಮೇಲೆ ಒಳಗೆ ಹೋಗಿ, "ಜಯಾ, ನನ್ನ ಎಡಗಿವಿ ಕೇಳ್ತಾ ಇಲ್ಲ ಕಣೆ" ಎಂದೆ.

ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. "ಈಗ ಗೊತ್ತಾಯ್ತಾ?" ಎಂದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಏನಾರಾ ತರಾಕೆ ಹೇಳ್ಬೇಕಾದ್ರೆ ಬಲಗಡೆ ಬಂದು ನಿಂತ್ಕತೀನಿ. ಬಯ್ಬೇಕಾದ್ರೆ ಎಡಗಡೆ."

"ಎಷ್ಟು ವರ್ಸದಿಂದ?"

"ಅದನ್ನ ಲೆಕ್ಕ ಇಡ್ನಿಲ್ಲ. ಆದ್ರೆ ಮನ್ಸಿಗೆ ಬಾಳ ನೆಮ್ದಿ ಆಗ್ಯದೆ."

ಇಷ್ಟು ವರ್ಷ ನಮ್ಮದು ಜಗಳವಿಲ್ಲದ ಸಂಸಾರ ಎಂದು ಕಂಡಕಂಡವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಜಗಳ ಸಲೀಸಾಗಿ ನಡೆದಿತ್ತು. ನಾನು ಮಾತ್ರ ಹಾಜರಿರಲಿಲ್ಲ.

ಆಮೇಲೆ ಜಯಮ್ಮ ಕೈ ಒರೆಸಿಕೊಂಡು, ಬಲಗಡೆಗೇ ಬಂದು ಹೇಳಿದಳು. "ಅದಿರ್ಲಿ. ಗಫಾರಣ್ಣನ ಮಗನ ಅಂಗ್ಡೀಲಿ ಅಂಗೆ ಕೂಗಾಡ್ಬುಟ್ಟು ಬಂದಿದ್ದೀರಲ್ಲ, ಅದಕ್ಕೇನು ಮಾಡ್ತೀರಿ? ಆ ಹುಡ್ಗನ ಹೆಂಡ್ತಿ ಮೊನ್ನೆ ಸಿಕ್ಕಿದ್ಲು. ಅಂಗ್ಡಿ ಬಾಗ್ಲು ಹಾಕೋ ಮಾತಾಡ್ತಾವಳೆ."

ಹೋಗಿ ತಪ್ಪಾಯಿತು ಅಂದುಬಿಟ್ಟರೆ ಮುಗಿಯುತ್ತಿತ್ತು. ನಿಮಗೂ ಹಾಗೇ ಅನ್ನಿಸುತ್ತಿರಬೇಕು. ಆದರೆ ತಪ್ಪಾಯಿತು ಅನ್ನಬೇಕಾದರೆ ಯಾಕೆ ಎಂದೂ ಹೇಳಬೇಕಲ್ಲ. ಮೈಕ್ ಪುಟ್ಟಸ್ವಾಮಿಗೆ ಕಿವಿ ಕೇಳಿಸುವುದಿಲ್ಲ ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುವುದು ಹೇಗೆ? ಅಡಿಗೆ ಭಟ್ಟನೊಬ್ಬ ತನಗೆ ನಾಲಿಗೆಯೇ ಇಲ್ಲ ಎಂದು ಪಂಕ್ತಿಯಲ್ಲಿ ಹೇಳಿಕೊಂಡ ಹಾಗೆ. ಜಿಮ್ಮಿನ ಹುಡುಗರು ತಾತ ಅನ್ನುವುದನ್ನು ಬಿಟ್ಟು ಕಿವುಡ್ತಾತ ಅನ್ನುತ್ತಾರೆ. ಅತ್ತ ಒಂದು ಮನೆಯ ಅನ್ನ, ಇತ್ತ ನನ್ನ ಮಾನ. ತಕ್ಕಡಿಯಲ್ಲಿ ಇವೆರಡನ್ನು ಇಟ್ಟು, ನಾಚಿಕೆಯಿಲ್ಲದೆ ತೂಗುತ್ತಾ ಕೂತೆ. ಇವತ್ತು ಬಿಸಿಲು, ನಾಳೆ ಮಂಡಿನೋವು, ನಾಡಿದ್ದು ಅಮಾವಾಸ್ಯೆ. ಅಂಗಡಿಯ ಮುಂದೆ ಹೋಗಬೇಕಾಗುತ್ತದೆಂದು ಜಿಮ್ಮಿಗೇ ಹೋಗುವುದನ್ನು ಬಿಟ್ಟೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಸಂತೆಯ ದಿನ ಹೋಗುವುದು. ಆವತ್ತು ಬಸ್‌ಸ್ಟ್ಯಾಂಡಿನ ಸುತ್ತ ಕೋಳಿ, ಕುರಿ, ಸೊಪ್ಪಿನವರು, ಬಸ್ಸಿನ ಹಾರನ್ನು, ಆಟೋದವರ ಕೂಗು, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಆ ಗದ್ದಲದಲ್ಲಿ ನಯಾಜನ ಕಿವಿಗೆ ಮಾತ್ರ ಬೀಳುವ ಹಾಗೆ ಮೆತ್ತಗೆ ತಪ್ಪಾಯಿತು ಎಂದರೆ, ಧರ್ಮವೂ ಉಳಿಯಿತು, ಮಾನವೂ ಉಳಿಯಿತು. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಂತೆಯ ದಿನ ಟವಲ್ಲನ್ನು ತಲೆಗೆ ಸುತ್ತಿಕೊಂಡು, ಬಗ್ಗಿಕೊಂಡೇ ಅಂಗಡಿಗೆ ನುಗ್ಗಿದೆ. ನಯಾಜ್ ನನ್ನನ್ನು ನೋಡಿದ. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ಸ್ಟೂಲು ಮಾತ್ರ ಕಾಲಿನಿಂದ ಮುಂದಕ್ಕೆ ತಳ್ಳಿದ.

"ಒಂದೇ ಕಿವಿಗೆ ಆಕ್ಕಳೋದು ಏನಾರಾ ಇದ್ಯಾ?" ಎಂದು ಶುರು ಮಾಡಿದೆ.

"ಯಾವ ಕಿವಿಗೆ ಚಾಚಾ?"

"ಬಲಗಿವಿಗೆ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಕಪಾಟಿನಿಂದ ಒಂದು ತುಂಡು ತೆಗೆದ, ಟೋಪಿಯ ಅಳತೆ ನೋಡಿದ, ತನ್ನ ಕೈಯಾರೆ ನನ್ನ ಬಲಗಿವಿಗೆ ಇಟ್ಟ. ಫೋನಿನಲ್ಲಿ ಏನೋ ಒತ್ತಿದ. ಹಾಡು ಬಂತು. ಎಂಥ ಹಾಡು ಅಂತೀರಿ! ತಮಟೆ, ನಗಾರಿ, ಕಹಳೆ ಎಲ್ಲ ಒಟ್ಟಿಗೆ ತಲೆಯೊಳಗೇ ಮೆರವಣಿಗೆ ಹೊರಟ ಹಾಗೆ. ಇದ್ದ ಒಂದು ಕಿವಿಯೂ ಮುಚ್ಚಿಹೋಯಿತು. ಸಂತೆಯ ಒಂದು ಸದ್ದೂ ಇಲ್ಲ.

ಇದೇ ಸಮಯ ಎಂದು ಅವನ ಹತ್ತಿರಕ್ಕೆ ಬಗ್ಗಿ, ಪಿಸುಮಾತಿನಲ್ಲಿ ಹೇಳತೊಡಗಿದೆ. ನಯಾಜ್, ತಪ್ಪು ನಂದು ಕಣಪ್ಪ. ನಿನ್ನ ಮಾಲು ಸರಿಯಾಗಿತ್ತು. ಕೆಟ್ಟಿರೋದು ನನ್ನ ಎಡಗಿವಿ. ಹಾರ್ನಿಗೆ ಕೊಟ್ಟು ಕೊಟ್ಟು ಹೋಗ್ಬುಟ್ಟದೆ. ನೀನು ನಿಮ್ಮಪ್ಪನ ಮೇಲೆ ಆಣೆ ಇಟ್ರೂ ನಾನು ನಂಬ್ನಿಲ್ಲ...

ಎದುರಿಗೆ ಕೊತ್ತಂಬರಿ ಕಟ್ಟುತ್ತಿದ್ದ ಹೆಂಗಸು ಕಟ್ಟುವುದನ್ನು ನಿಲ್ಲಿಸಿ ಈ ಕಡೆ ನೋಡುತ್ತಿದ್ದಳು. ಈ ವಯಸ್ಸಿನವನು ಇಯರ್‌ಫೋನ್ ಹಾಕಿಕೊಂಡಿದ್ದಾನಲ್ಲ ಎಂದು ನೋಡುತ್ತಿರಬೇಕು ಎಂದುಕೊಂಡೆ. ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಬಾಯಿ ತೆರೆದು ನಿಂತಿದ್ದ. ಟಿಕೆಟ್ ಕೂಗುತ್ತಿದ್ದಾನೆ ಎಂದುಕೊಂಡೆ. ನಯಾಜ್ ಅಂಗೈಯನ್ನು ಕೆಳಮುಖವಾಗಿ ಮೆಲ್ಲಗೆ ಆಡಿಸಿದ. ಬಿಡಿ ಚಾಚಾ, ಆಗಿದ್ದು ಆಯ್ತು ಎಂದು ಸಮಾಧಾನ ಮಾಡುತ್ತಿದ್ದಾನೆ ಎಂದುಕೊಂಡೆ. ಆ ಸಮಾಧಾನ ಕಂಡು ಇನ್ನೂ ಹೇಳಿದೆ. ಜಿಮ್ಮಿನ ಹುಡುಗರಿಗೆ ಉಪ್ಪುಖಾರ ಹಚ್ಚಿ ಹೇಳಿದ್ದನ್ನು ಹೇಳಿದೆ. ಶ್ರೀರಂಗಪಟ್ಟಣದಲ್ಲಿ ಕೊಂಡದ್ದನ್ನು ಹೇಳಿದೆ. ಮಾನಕ್ಕೆ ಹೆದರಿ ಬರದೇ ಕೂತಿದ್ದನ್ನು ಹೇಳಿದೆ. ಜಯಮ್ಮ ಬಯ್ಯುವಾಗ ಎಡಗಡೆ ನಿಲ್ಲುವುದನ್ನೂ ಹೇಳಿದೆ. ಅದನ್ನು ಹೇಳುವ ಅಗತ್ಯವೇ ಇರಲಿಲ್ಲ, ಆದರೆ ಒಮ್ಮೆ ಬಾಯಿ ತೆರೆದರೆ ನಿಲ್ಲಿಸುವ ಅಭ್ಯಾಸ ನಮ್ಮ ಕಸುಬಿನಲ್ಲಿಲ್ಲ.

ನಯಾಜ್ ಕೈ ಚಾಚಿ ನನ್ನ ಕಿವಿಯಿಂದ ಅದನ್ನು ಕಿತ್ತ.

ಸಂತೆ ಸದ್ದಿಲ್ಲದೆ ನಿಂತಿತ್ತು. ಕೋಳಿಗಳು ಕೂಡ ಕೂಗುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಜನ ಅಂಗಡಿಯ ಮುಂದೆ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ನಾಟಕಕ್ಕೆ ನಿಂತ ಹಾಗೆ. ಅವರ ನಡುವೆ ಲೋಹಿತನೂ ಇದ್ದ.

"ಸಾಕು ಚಾಚಾ" ಎಂದ ನಯಾಜ್. "ಬೆಳ್ಳೂರು ಕ್ರಾಸ್‌ವರೆಗೂ ಕೇಳಿಸ್ತು."

ಕೊತ್ತಂಬರಿ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡು, "ದೊಡ್ಡ ಮನ್ಸ ಕಣಪ್ಪ, ಸಂತೇಲಿ ನಿಂತ್ಕಂಡು ತಪ್ಪು ಒಪ್ಕಂಡ" ಎಂದಳು. ಯಾರೋ ಹೌದೌದು ಅಂದರು. ಕಂಡಕ್ಟರು, "ಅಂಗಾರೆ ನಿಮ್ಮ ಎಡಗಡೆ ನಿಂತು ಒಂದೆರಡು ಮಾತು ನಾನೂ ಆಡ್ಲಾ ಯಜಮಾನ್ರೇ?" ಎಂದು ಕೂಗಿ ಸೀಟಿ ಊದಿದ. ಎಲ್ಲರೂ ನಕ್ಕರು. ಆವತ್ತು ಸಂಜೆಯೊಳಗೆ ಜಿಮ್ಮಿನ ಗುಂಪಿನಲ್ಲಿ ಲೋಹಿತ ಎಲ್ಲವನ್ನೂ ಹಾಕಿದ್ದ. ಹಾಕಿದ್ದರ ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ. ಮುಂದಿನ ವಾರ ನಯಾಜನ ಕಪಾಟಿನ ಮುಂದೆ ಹುಡುಗರು ಬಗ್ಗಿ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡೆ. ಅಂಗಡಿಯ ಬಾಗಿಲು ಹಾಕುವ ಮಾತು ಅಲ್ಲಿಗೆ ನಿಂತಿತು.

ನನ್ನ ಕಥೆ ಏನಾಯಿತು ಅಂದರೆ, ಊರಿನಲ್ಲಿ ನಾನು ದೊಡ್ಡ ಮನುಷ್ಯನಾದೆ. ಕಿವುಡ್ತಾತ ಎಂದು ಒಬ್ಬನೂ ಅನ್ನಲಿಲ್ಲ. ಜಿಮ್ಮಿಗೆ ಮತ್ತೆ ಹೋದಾಗ ಲೋಹಿತ ಹುಡುಗರನ್ನೆಲ್ಲ ನಿಲ್ಲಿಸಿ, "ಎದೆಗಾರಿಕೆ ಅಂದ್ರೆ ಇದು ಕಣ್ರೋ, ಬರೀ ಎದೆ ಉಬ್ಬಿಸೋದಲ್ಲ" ಎಂದ. ನಾನು ಸಂಕೋಚದಿಂದ ಕೈ ಮುಗಿದೆ. ಷಡ್ಡಕ ಫೋನಿನಲ್ಲಿ ಹೊಗಳಿದ. ಒಂದು ಶಾಲೆಯವರು ಮಕ್ಕಳಿಗೆ ಸತ್ಯದ ಬಗ್ಗೆ ಎರಡು ಮಾತು ಹೇಳಿ ಎಂದು ಕರೆದರು. ಅದಕ್ಕೂ ಹೋಗಿ ಬಂದೆ. ಮೆತ್ತಗೆ ಹೇಳಿ ನುಣುಚಿಕೊಳ್ಳಲು ಹೋಗಿ ಸಿಕ್ಕಿಬಿದ್ದವನು ನಾನು, ಆ ಮಕ್ಕಳ ಮುಂದೆ ನಿಂತು ಬಹಿರಂಗವಾಗಿ ತಪ್ಪು ಒಪ್ಪಿಕೊಳ್ಳುವುದು ಎಷ್ಟು ದೊಡ್ಡದು ಎಂದು ಹೇಳಿದೆ. ಆ ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಟ್ಟಿಸಿಕೊಂಡೆ. ನಿಮ್ಮ ಮುಂದೆ ಹೇಳಿಕೊಳ್ಳಲು ಬಂದದ್ದು ಇದನ್ನೇ. ಅಂಗಡಿಯಲ್ಲಿ ಕೂಗಾಡಿದ ತಪ್ಪನ್ನು ಎಡಗಿವಿಯ ಮೇಲೆ ಹಾಕಬಹುದು. ಈ ಚಪ್ಪಾಳೆಯನ್ನು ಬಲಗಿವಿಯಲ್ಲಿ ಚೆನ್ನಾಗಿಯೇ ಕೇಳಿಸಿಕೊಂಡೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ನಯಾಜನ ಅಂಗಡಿಗೆ ಹೋದೆ. ಅವನೊಬ್ಬನೇ ಇದ್ದ. ಕಿವಿಗೆ ಏನೂ ಹಾಕಿಕೊಳ್ಳದೆ, ನೆಟ್ಟಗೆ ಕೂತು ಹೇಳಿದೆ.

"ನಯಾಜ್, ಆವತ್ತು ನಾನು ಪಿಸುಗುಡ್ತಾ ಇದೀನಿ ಅನ್ಕಂಡಿದ್ದೆ ಕಣಪ್ಪ. ನಿನಗೊಬ್ಬನಿಗೇ ಕೇಳ್ಲಿ ಅಂತ ಸಂತೆ ದಿನ ನೋಡ್ಕಂಡು ಬಂದಿದ್ದೆ. ಜನ ಸುಮ್ಸುಮ್ನೆ ಹೊಗಳ್ತಾವ್ರೆ."

"ಗೊತ್ತು ಚಾಚಾ" ಎಂದ ಅವನು, ಗಾಜು ಒರೆಸುತ್ತಲೇ.

"ಎಂಗ್ ಗೊತ್ತು?"

"ಕಿವೀಲಿ ಹಾಡು ಇಟ್ಕೊಂಡೋರು ಯಾರೂ ಮೆತ್ತಗೆ ಮಾತಾಡಲ್ಲ. ದಿನಾ ನೋಡ್ತೀನಲ್ಲ ಇಲ್ಲಿ ಕೂತು. ನೀವು ಟವಲ್ ಸುತ್ಕೊಂಡು, ಬಗ್ಗಿಕೊಂಡು ಬಂದಾಗ್ಲೇ ಏನು ಹೇಳೋಕೆ ಬಂದ್ರಿ ಅಂತ ಗೊತ್ತಾಯ್ತು. ಅದಕ್ಕೇ ಸೌಂಡು ಫುಲ್ ಕೊಟ್ಟೆ."

ಅವನು ಬಟ್ಟೆ ಮಡಿಸಿಟ್ಟು, ನನ್ನ ಬಲಗಡೆಗೆ ಬಂದು ನಿಂತ.

"ಬೈದಿದ್ದು ಬಜಾರಿಗೆಲ್ಲ ಕೇಳಿಸಿತ್ತು ಚಾಚಾ. ತಪ್ಪಾಯ್ತು ಅನ್ನೋದು ನನಗೊಬ್ಬನಿಗೇ ಕೇಳಿಸಿದ್ರೆ ಹ್ಯಾಗೆ?"